ಹೇರಳ, ವಿರಳ

ಬಾಗಿಲ ಬೋರ್ಡು ತಿರುಗಿಸಿದೆ.
'ಮುಚ್ಚಿದೆ' ಬೀದಿಗೆ, 'ತೆರೆದಿದೆ' ನಮಗೆ.
ನೋಡು, ಇದೇ ಮೊದಲನೆಯದು, ಅಂದೆ.
ಟಿಲ್ಲಿ ನಗಲಿಲ್ಲ. ಪರೀಕ್ಷೆಗೆ ಇನ್ನು ಹನ್ನೊಂದೇ ದಿನ.

ಆರನೇ ಮೇಜು ಎಷ್ಟು ಒರೆಸಿದರೂ
ವಿನಿಗರ್ ವಾಸನೆ ಮರದೊಳಕ್ಕೆ ಇಳಿದುಬಿಟ್ಟಿದೆ.
ಅದರ ಮೇಲೆ ಅವಳ ಚೀಟಿಗಳು,
ಕಾರ್ನ್‌ಫ್ಲೇಕ್ಸ್ ಡಬ್ಬ ಕತ್ತರಿಸಿ ಮಾಡಿದವು:
ಒಂದು ಬದಿ ಪದ, ಇನ್ನೊಂದು ಬದಿ
ಹುಂಜದ ಬಾಲವೋ ಕೊಕ್ಕೋ.
ಆಸ್ಪತ್ರೆಯ ನೆಲ ಒರೆಸಿ ಅಮ್ಮ
ಚಾಟಮ್ ಬಸ್ಸಿನಲ್ಲಿ ಬರುವವರೆಗೆ
ನಾನೇ ಮೇಷ್ಟ್ರು.

ಒರಟು? ನಯ.
ಇಳಿತ? ಉಬ್ಬರ.
ಅದು ಸುಲಭ, ಮೆಡ್ವೇ ನದಿ
ದಿನಕ್ಕೆ ಎರಡು ಸಲ ಹೇಳಿಕೊಡುತ್ತದೆ.
ಜಿಪುಣ? ಧಾರಾಳಿ.
ಗಲ್ಲಾ ಎಣಿಸುತ್ತಿದ್ದ ಹಲೀಲ್ ಕೆಮ್ಮುತ್ತಾನೆ.
ಹಳಸಿದ್ದು? ತಾಜಾ.
ಇನ್ನೊಮ್ಮೆ ಕೆಮ್ಮು.
ಅಂಜುಬುರುಕ?
ಪೆನ್ಸಿಲ್ ಕಚ್ಚಿ, ಕಾಲು ಆಡಿಸಿ, ಕೊನೆಗೆ: ಎದೆಗಾರ.

ಕರಿದ ಮೀನಿಗೆ ವಿರುದ್ಧ ಪದ ಏನು, ಕೇಳುತ್ತಾಳೆ.
ಈಜುವ ಮೀನು.
ಅದು ಪುಸ್ತಕದಲ್ಲಿಲ್ಲ.
ಇಲ್ಲದಿದ್ದರೆ ಬಿಡು, ಮೀನಿಗೆ ಗೊತ್ತು.

ಮುಂದಿನ ಚೀಟಿ: ಹೇರಳ.
ಬೆರಳಿಗೆ ಬಿಸಿ ಎಣ್ಣೆ ಸಿಡಿದ ಹಾಗಾಯಿತು.

ಒಂಬತ್ತು ವರ್ಷದ ಹಿಂದೆ, ಇದೇ ಸೆಪ್ಟೆಂಬರ್,
ನನ್ನದಲ್ಲದ ಶಾಲೆಯ ತಣ್ಣನೆಯ ಹಾಲು,
ಹೇರಳದ ಕೆಳಗೆ ಐದು ಪದ, ಒಂದಕ್ಕೆ ಗೆರೆ.
ವಿರಳ ಇತ್ತು ಅಲ್ಲಿ. ಬಿಟ್ಟೆ.
ಮೆಲ್ಲಗೆ ಹೇಳಿಕೊಂಡರೆ ಎರಡೂ
ಒಂದೇ ತಾಯಿಯ ಮಕ್ಕಳಂತೆ ಕೇಳಿಸಿದವು;
ಬಾಲ ಒಂದೇ ಇರುವ ಪದಗಳು
ಎದುರಾಬದುರು ನಿಂತಾವು ಎಂದು ಹೊಳೆಯಲಿಲ್ಲ.
ಎರಡು ಅಂಕ ಕಡಿಮೆ.
ಅಕ್ಟೋಬರಿನಲ್ಲಿ ಬಂದ ಕಾಗದವನ್ನು ಅಮ್ಮ ನಾಲ್ಕಾಗಿ ಮಡಚಿ
ಬಲ್ಬು, ದಾರ, ಸತ್ತ ಬ್ಯಾಟರಿಗಳ ಡ್ರಾಯರಿಗೆ ಹಾಕಿದಳು.
ಬೈಯಲಿಲ್ಲ. ಬೈದಿದ್ದರೆ
ತಿರುಗಿ ಏನಾದರೂ ಅಂದಿರುತ್ತಿದ್ದೆ.

ವಿರಳವನ್ನು ಆಮೇಲೆ ಕಲಿತೆ, ಪುಸ್ತಕವಿಲ್ಲದೆ:
ಗುರುವಾರದ ಸಂಜೆ, ಸಂಬಳ ಶುಕ್ರವಾರ,
ಕರೆಂಟಿನ ಮೀಟರಿಗೆ ಉಳಿದದ್ದು ಎರಡೇ ಪೌಂಡು,
ಬೇಗ ಮಲಗಿದರೆ ಎತ್ತರ ಬೆಳೆಯುತ್ತೀರಿ
ಎನ್ನುವ ಅಮ್ಮನ ಉಪಾಯ.
ಹೇರಳವನ್ನೂ ಕಲಿತೆ:
ಆಲೂಗಡ್ಡೆ, ಇಪ್ಪತ್ತೈದು ಕಿಲೋ ಚೀಲ, ದಿನಕ್ಕೆ ಆರು.

'ವಿರಳ', ಅಂದಳು ಟಿಲ್ಲಿ,
ನಾನು ಅಲ್ಲಿಂದ ವಾಪಸು ಬರುವ ಮೊದಲೇ.
ಅಷ್ಟು ಸಲೀಸು.
ಖುಷಿಯಾಯಿತು. ಖುಷಿಯ ಹಿಂಬದಿಗೂ
ಏನೋ ಅಂಟಿಕೊಂಡಿತ್ತು, ಹುಂಜದ ಕೊಕ್ಕಿನಂಥದ್ದು.

ಆಮೇಲಿನದು: ತೇರ್ಗಡೆ.
ಅವಳು ನನ್ನ ಏಪ್ರನ್ ನೋಡಿದಳು. ನೆಲ ನೋಡಿದಳು.
ಗೊತ್ತಿಲ್ಲ, ಅಂದಳು.
ಗೊತ್ತಿದೆ. ಚೀಟಿ ಬರೆದದ್ದೇ ಅವಳು.
ಹೇಳೇ, ಅಂದೆ.
ಹಲೀಲನ ಎಣಿಕೆಯೂ ನಿಂತಿತು.
ಅಲ್ಲಿ ಯಾರ ಮುಖವನ್ನೂ ನೋಡಬಾರದು ಕಣೇ,
ಗಡಿಯಾರ ಒಂದೇ.
'ನಪಾಸು.'
ಉಪ್ಪಿನ ಹರಳು ಬಿದ್ದಷ್ಟು ಸದ್ದು.
ಸರಿ ಉತ್ತರ, ಒಂದು ಅಂಕ, ಅಂದು
ಟ್ರೇಯ ತಳದ ಗರಿಗರಿ ಚೂರುಗಳನ್ನೆಲ್ಲ
ಕಾಗದದಲ್ಲಿ ಸುತ್ತಿ ಅವಳ ಮುಂದಿಟ್ಟೆ.

ಅಮ್ಮ ಒಳಗೆ ಬರದೆ ಗಾಜು ತಟ್ಟಿದಳು.
ಇಬ್ಬರೂ ಹೋದರು, ಕೊಡೆ ಒಂದು, ಕಾಲು ನಾಲ್ಕು.
ಮರೆತು ಬಿಟ್ಟುಹೋದ ಚೀಟಿಗಳನ್ನು ಎಣಿಸಿದೆ:
ಎಪ್ಪತ್ತೊಂಬತ್ತು. ಬಂದಾಗ ಎಂಬತ್ತಿದ್ದವು.

ಸಿಪ್ಪೆಯ ಬಕೆಟ್ಟು ಹೊರಗಿಡುವಾಗ ಸಿಕ್ಕಿತು,
ಎರಡಾಗಿ ಹರಿದಿತ್ತು:
ಒಂದರಲ್ಲಿ 'ತೇರ್', ಇನ್ನೊಂದರಲ್ಲಿ 'ಗಡೆ'.
ಯಾವಾಗ ಹರಿದಳೋ.
ಏಪ್ರನ್ನಿಗೆ ಒರೆಸಿ ಜೇಬಿಗೆ ಹಾಕಿಕೊಂಡೆ.
ಪರೀಕ್ಷೆಗೆ ಬೇಕಾಗುತ್ತದೆ.
ಹಲೀಲನ ಹತ್ತಿರ ಟೇಪು ಇದೆ, ಕೇಳಬೇಕು.